ಸ್ಟಾಫ್ ರೂಮ್ ಸುಮ್ಮನಾಗೈತಿ ಅಂದ್ರ

ಈ ಸಲ ಬಂದ ಪತ್ರದಾಗ ಬಾಳ ಪತ್ರ ಖಾಸಗಿ ಕಾಲೇಜಿನವ್ರದ್ದ ಅದಾವು, ಅದಕ್ಕ ಬ್ಯಾರೆ ವಿಷಯ ಮುಂದಿನ ಸಲಕ್ಕ ಇಟ್ಟೀನಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜಿನಾಗ ಎಚ್‌ಓಡಿ (ವಿಭಾಗದ ಮುಖ್ಯಸ್ಥ) ಆಗಿ ಎರಡು ವರ್ಷ ಆತು. ಮೀಟಿಂಗ್ ಕರದ್ರ ಯಾರೂ ಬಾಯಿ ಬಿಡೂದಿಲ್ಲ, ಎಲ್ಲಾದಕ್ಕೂ "ಎಸ್ ಸರ್" ಅಂತಾರ. ಸಂಜಿಗೆ ಟೈಮ್ ಆಗೂದ್ರೊಳಗ ಬಯೋಮೆಟ್ರಿಕ್ ಹಾಜರಿ ಮಷೀನ್ ಮುಂದ ಸಾಲು ಹಚ್ಚಿ ನಿಂತಿರ್ತಾರ. ಮೊದ್ಲ ಹಿಂಗ ಇರ್ಲಿಲ್ಲ. ಪಗಾರ ಹೆಚ್ಚು ಮಾಡೂದು ನನ್ನ ಕೈಯಾಗಿಲ್ಲ, ನಾ ಏನ್ ಮಾಡ್ಲಿ?
– ಓದುಗರು, ವಿಜಯಪುರ

ಉತ್ತರ: ಸರ್, ಮಂದಿ ಸುಮ್ಮನಾಗೂದು ಒಂದ ದಿನದಾಗ ಆಗೂದಲ್ಲ. ಮೊದಲ್ನೇ ಸಲ ಹೇಳಿದಾಗ "ನೋಡೋಣು" ಅಂತೀವಿ, ಎರಡನೇ ಸಲ ಹೇಳಿದಾಗ "ಅದ ಮ್ಯಾನೇಜ್‌ಮೆಂಟ್ ಕೈಯಾಗೈತಿ" ಅಂತೀವಿ, ಮೂರನೇ ಸಲ ಅವ್ರು ಹೇಳೂದ ಬಿಡ್ತಾರ, ಆಗ ನಮಗ ಡಿಪಾರ್ಟ್‌ಮೆಂಟ್ ಶಾಂತ ಐತಿ ಅನಸ್ತೈತಿ. ನನಗೂ ಹಂಗ ಅನಿಸಿತ್ತು. ನಾನು ಎಚ್‌ಓಡಿ ಇದ್ದಾಗ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ರು ಯುಪಿಎಸ್ ಬ್ಯಾಟರಿ ಹೋಗ್ಯಾವು ಅಂತ ಒಂದೂವರೆ ವರ್ಷ ಹೇಳಿದ್ರು, ಆಮ್ಯಾಗ ಹೇಳೂದು ನಿಲ್ಲಿಸಿದ್ರು. ಒಂದಿನ ಪ್ರಾಕ್ಟಿಕಲ್ ಪರೀಕ್ಷೆ ನಡದಾಗ ಕರೆಂಟ್ ಹೋತು, 20 ಹುಡುಗ್ರ ಪ್ರೋಗ್ರಾಂ ಎಲ್ಲಾ ಅಳಿಸಿ ಹೋತು. ಅವ್ರು ನನ್ನ ಮುಖ ನೋಡಿದ್ರು, ಒಂದು ಮಾತೂ ಆಡ್ಲಿಲ್ಲ. ಆ ನೋಟ ನನಗ ಇವತ್ತಿಗೂ ನೆನಪೈತಿ.

1990ರಾಗ ವಿಲಿಯಂ ಕಾನ್ ಅಂತ ಅಮೆರಿಕದ ಸಂಶೋಧಕರು ಮಕ್ಕಳ ಬ್ಯಾಸಿಗಿ ಶಿಬಿರದಾಗ ಕೆಲಸ ಮಾಡೋರನ್ನ, ಒಂದು ಆರ್ಕಿಟೆಕ್ಟ್ ಕಂಪನಿಯವರನ್ನ ಕುಂತು ನೋಡಿ, ಮನುಷ್ಯಾ ಕೆಲಸದಾಗ ಮನಸ್ಸಿಡಬೇಕಂದ್ರ ಮೂರು ಇರಬೇಕು ಅಂತ ಬರದ್ರು. ಮಾಡೂ ಕೆಲಸಕ್ಕ ಅರ್ಥ ಐತಿ ಅನಸ್ಬೇಕು, ಬಾಯಿ ಬಿಟ್ರ ನನಗ ಪೆಟ್ಟು ಬೀಳೂದಿಲ್ಲ ಅನ್ನೂ ಧೈರ್ಯ ಇರಬೇಕು, ಮೈಯಾಗ ಮನಸ್ಸಿನ್ಯಾಗ ಕಸುವು ಉಳದಿರಬೇಕು. ಈಗ ನಿಮ್ಮ ಡಿಪಾರ್ಟ್‌ಮೆಂಟ್ ನೋಡ್ರಿ. ಪಾಠ ಮಾಡೂದ್ರಾಗ ಅರ್ಥ ಐತಿ, ಅದು ಎಲ್ಲೂ ಹೋಗಿಲ್ಲ. ಆದ್ರ ಕೋರ್ಸ್ ಫೈಲ್, ಹುಡುಗ್ರು ಏನ್ ಕಲಿತ್ರು ಅಂತ ಲೆಕ್ಕಾ ಬರಿಯೂ ಸಿಓ-ಪಿಓ ಶೀಟು, ಕಾಲೇಜಿನ ಗುಣಮಟ್ಟ ನೋಡೂ ನ್ಯಾಕ್‌ಗೆ ಒಂದು, ಕೋರ್ಸಿನ ಗುಣಮಟ್ಟ ನೋಡೂ ಎನ್‌ಬಿಎಗೆ ಇನ್ನೊಂದು ನಮೂನಿ ಅಂತ ಒಂದ ಮಾಹಿತಿ ಮೂರ್ ಮೂರು ಸಲ ತುಂಬೂದ್ರಾಗ ಕಸುವು ಹೋಗೈತಿ, ಮತ್ತ ಧೈರ್ಯ ಎಲ್ಲಿ ಹೋತು ಅನ್ನೂದು ನೀವು ನಿಮ್ಮನ್ನ ಕೇಳ್ಕೋಬೇಕು.

ಬ್ಯಾಟರಿ ಗದ್ದಲ ಆದ ಮ್ಯಾಲ ನಾನು ಒಂದು 100 ಪೇಜಿನ ನೋಟ್‌ಬುಕ್ ತಂದೆ. ಸೋಮವಾರ ಮೀಟಿಂಗ್‌ನಾಗ ಯಾರು ಏನ್ ಹೇಳಿದ್ರೂ ಅವ್ರ ಮುಂದ ಅದ್ರಾಗ ಬರೀತಿದ್ದೆ, ಮುಂದಿನ ಸೋಮವಾರ ಹೊಸಾದು ಏನೂ ಮಾತಾಡೂದಕ್ಕಿಂತ ಮೊದ್ಲ ಹಿಂದಿನ ವಾರದ್ದು ಓದಿ, ಇದು ಆತು, ಇದು ಆಗಿಲ್ಲ, ಆಗಿಲ್ಲಾಂದ್ರ ಯಾಕ ಅಂತ ಹೇಳ್ತಿದ್ದೆ. ಮೊದಲ ತಿಂಗಳ ಯಾರೂ ನಂಬ್ಲಿಲ್ಲ. ಫ್ಯಾನ್ ರಿಪೇರಿ, ಇನ್ವಿಜಿಲೇಶನ್ ಡ್ಯೂಟಿ ಹಂಚಿಕೆ ಇಂಥಾ ಸಣ್ಣ ಸಣ್ಣವ ಬಂದ್ವು. ಎರಡನೇ ಸೆಮಿಸ್ಟರ್‌ಗೆ ಬರೂದ್ರಾಗ ಒಬ್ಬ ಮ್ಯಾಡಮ್ ಎದ್ದು ನಿಂತು "ಸರ್, ನೀವು ಹುಡುಗ್ರ ಮುಂದ ನಮ್ಮನ್ನ ಬೈಬ್ಯಾಡ್ರಿ" ಅಂದ್ರು. ನನ್ನ ಕೈ ನಡುಗ್ತು, ಅದನ್ನೂ ಬರ್ಕೊಂಡೆ. ಆ ದಿನದಿಂದ ನಮ್ಮ ಡಿಪಾರ್ಟ್‌ಮೆಂಟ್ ಮಾತಾಡಾಕ ಶುರು ಮಾಡ್ತು. ನಿಮ್ಮ ಕೈಯಾಗ ಪಗಾರ ಇಲ್ಲ ಖರೆ, ಆದ್ರ ಟೈಮ್‌ಟೇಬಲ್ ಐತಿ, ಸೂಟಿ ಐತಿ, ಮಾತಾಡೂ ಧಾಟಿ ಐತಿ, ಪ್ರಿನ್ಸಿಪಾಲರ ಮುಂದ ನಿಮ್ಮ ಮಂದಿ ಪರವಾಗಿ ನಿಲ್ಲೂದೂ ಐತಿ.

ಪ್ರಶ್ನೆ: ಬಾಗಲಕೋಟೆದಾಗ ಅಸಿಸ್ಟೆಂಟ್ ಪ್ರೊಫೆಸರ್ ಇದೀನಿ. ಏಪ್ರಿಲ್ ಮೇದಾಗ ಅಡ್ಮಿಶನ್ ಕ್ಯಾಂಪೇನ್ ಅಂತ ಹಳ್ಳಿ ಹಳ್ಳಿ ತಿರಗಸ್ತಾರ, ಒಬ್ಬೊಬ್ರಿಗೆ ಇಷ್ಟು ಸೀಟು ಅಂತ ಟಾರ್ಗೆಟ್. ಆಗ್ಲಿಲ್ಲಾಂದ್ರ "ನಿಮಗ ಸಂಸ್ಥೆ ಮ್ಯಾಲ ನಿಷ್ಠೆ ಇಲ್ಲ" ಅಂತಾರ. ನನ್ನದ ತಪ್ಪೇನ್ರಿ?

ಉತ್ತರ: ತಪ್ಪು ನಿಮ್ದಲ್ರಿ. ಸೀಟು ಖಾಲಿ ಉಳದ್ರ ಫೀ ಬರೂದಿಲ್ಲ, ಫೀ ಬರ್ಲಿಲ್ಲಾಂದ್ರ ಪಗಾರ ತಡಾ ಆಗ್ತೈತಿ, ಮ್ಯಾನೇಜ್‌ಮೆಂಟಿನ ಹೆದರಿಕಿ ಸುಳ್ಳಲ್ಲ. ಆದ್ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಾಗ ಅಸಿಸ್ಟೆಂಟ್ ಪ್ರೊಫೆಸರ್ ವಾರಕ್ಕ 16 ತಾಸು ಪಾಠ ಮಾಡಬೇಕು ಅಂತ ಐತಿ, ಸೀಟು ತುಂಬಸ್ಬೇಕು ಅಂತ ಎಲ್ಲೂ ಇಲ್ಲ.

ನಾನೂ ಆ ಬಿಸಲಾಗ ತಿರಗೀನಿ. ಮುಧೋಳ ಕಡೆ ಒಂದು ಹಳ್ಳ್ಯಾಗ ಕಟ್ಟಿ ಮ್ಯಾಲ ಕುಂಡ್ರಿಸಿ ನೀರು ಕೊಟ್ಟ ರೈತ್ರು ಒಂದ ಪ್ರಶ್ನೆ ಕೇಳಿದ್ರು, "ಹ್ವಾದ ವರ್ಷ ಬಂದು ನಮ್ಮ ದೊಡ್ಡ ಮಗಳನ್ನ ಸೇರಿಸಿಕೊಂಡ ಮ್ಯಾಡಮ್ ಅದಾರೇನ್ರಿ?" ಆ ಮ್ಯಾಡಮ್ ಕೆಲಸ ಬಿಟ್ಟು ಹೋಗಿ ಆರು ತಿಂಗಳಾಗಿತ್ತು. ಇಲ್ರಿ ಅಂದೆ. ಆ ಮನಿ ಎರಡನೇ ಹುಡುಗ ನಮ್ಮ ಕಾಲೇಜಿಗೆ ಬರ್ಲಿಲ್ಲ. ಇದನ್ನ ನಿಮ್ಮ ಪ್ರಿನ್ಸಿಪಾಲರಿಗೆ ಹೇಳ್ರಿ, ನಿಂತು ಕಲಸೋ ಮಾಸ್ತರಿಗಿಂತ ದೊಡ್ಡ ಜಾಹೀರಾತು ನಮ್ಮ ಭಾಗದಾಗ ಯಾವುದೂ ಇಲ್ಲ. ಹಳ್ಳಿ ತಿರಗೂ ಬದ್ಲಿ ಪಿಯುಸಿ ಹುಡುಗ್ರನ್ನ ಒಂದಿನ ಕಾಲೇಜಿಗೆ ಕರ್ಕೊಂಡು ಬಂದು ಲ್ಯಾಬ್‌ನಾಗ ಕೈಯಾರೆ ಏನಾರ ಮಾಡಸ್ತೀನಿ ಅಂತ ಬರದು ಕೊಡ್ರಿ. ಹೋಗೂದ ಕಡ್ಡಾಯ ಆದ್ರ ಗಾಡಿ ಖರ್ಚು, ಬದಲಿ ಸೂಟಿ ಕೇಳ್ರಿ, ಬಾಯಿಲೆ ಅಲ್ಲ, ಇಮೇಲ್‌ನಾಗ.

ಪ್ರಶ್ನೆ: ನಾವು ಬೆಳಗಾವಿದಾಗ ಒಂದು ಕಾಲೇಜು ನಡಸ್ತೀವಿ. ಶಿಕ್ಷಕರ ದಿನಾಚರಣೆಗೆ ಊಟ, ಗಿಫ್ಟ್, ಬೆಸ್ಟ್ ಟೀಚರ್ ಅವಾರ್ಡ್ ಎಲ್ಲಾ ಮಾಡ್ತೀವಿ. ಆದ್ರೂ ವರ್ಷದ ನಡುವ ಬಿಟ್ಟು ಹೋಗ್ತಾರ.

ಉತ್ತರ: ಊಟ ಹಾಕ್ರಿ, ಚೊಲೊ. ಆದ್ರ ಅವ್ರ ಒರಿಜಿನಲ್ ಮಾರ್ಕ್ಸ್ ಕಾರ್ಡು, ಸರ್ಟಿಫಿಕೇಟು ನಿಮ್ಮ ಆಫೀಸಿನ ತಿಜೋರ್ಯಾಗ ಅದಾವೇನು? ಇದ್ರ ನಾಳೆನ ವಾಪಸ್ ಕೊಡ್ರಿ. ಕಾಗದ ಹಿಡದಿಟ್ಟು ಮನುಷ್ಯಾನ್ನ ಹಿಡಿಯಾಕ ಆಗೂದಿಲ್ಲ, ಅಂವ ಸೇರಿದ ದಿನಾನ ಬಿಡೂ ದಾರಿ ಹುಡಕಾಕ ಶುರು ಮಾಡ್ತಾನ. ಪಗಾರ ಯಾವ ತಾರೀಖಿಗೆ ಅಂತ ಒಂದು ತಾರೀಖು ಹೇಳ್ರಿ, ಆ ತಾರೀಖು ತಪ್ಪಬ್ಯಾಡ್ರಿ. ಬಿಟ್ಟು ಹೋಗೋರನ್ನ ಯಾಕ ಅಂತ ಕೇಳಿದ್ರ "ಮನ್ಯಾಗ ತೊಂದ್ರಿ" ಅಂತಾರ, ಯಾಕಂದ್ರ ಅವ್ರಿಗೆ ರಿಲೀವಿಂಗ್ ಲೆಟರ್ ಬೇಕಾಗಿರ್ತೈತಿ. ಹತ್ತು ವರ್ಷದಿಂದ ಇರೋರನ್ನ ಕರದು ಯಾಕ ಉಳದೀರಿ ಅಂತ ಕೇಳ್ರಿ. ನಿಮ್ಮ ಊರಾಗ 1916ರಾಗ ಕೆ.ಎಲ್.ಇ. ಸಂಸ್ಥೆ ಕಟ್ಟಿದ ಏಳು ಮಂದಿನ್ನ ಇವತ್ತಿಗೂ ಸಪ್ತರ್ಷಿಗಳು ಅಂತ ನೆನಸ್ತಾರ, ಆ ಸಂಸ್ಥೆ ಶುರು ಆಗಿದ್ದು ಒಂದ ಒಂದು ಸಾಲಿಯಿಂದ. ಇದ ನನ್ನದು ಅಂತ ದುಡದ ಮಂದಿ ಇದ್ರು, ಅದಕ್ಕ ಅದು ಬೆಳೀತು. ನಿಮ್ಮ ಗವರ್ನಿಂಗ್ ಕೌನ್ಸಿಲ್‌ನಾಗ ಸ್ಟಾಫ್ ಪ್ರತಿನಿಧಿಗಳು ಅದಾರಲ್ಲ, ಅವ್ರು ಕೊನಿ ಸಲ ಯಾವಾಗ ಮಾತಾಡಿದ್ರು ಅಂತ ನಡಾವಳಿ ಪುಸ್ತಕ ತಗದು ನೋಡ್ರಿ.

ಪ್ರಶ್ನೆ: 8 ವರ್ಷ ಕಲಿಸಿ ಬಿಟ್ಟೆ. ಮಾಸ್ತರಿಗೆ ಗ್ರಾಚ್ಯುಟಿ ಇಲ್ಲ ಅಂತಾರ, ಖರೇನ್ರಿ?

ಉತ್ತರ: ಐತ್ರಿ. ಗ್ರಾಚ್ಯುಟಿ ಅಂದ್ರ ಕೆಲಸ ಬಿಟ್ಟಾಗ ಸಂಸ್ಥೆ ಕೊಡಬೇಕಾದ ಗಂಟಿನ ರೊಕ್ಕ. ಗ್ರಾಚ್ಯುಟಿ ಕಾಯ್ದೆಗೆ ಮಾಡಿದ 2009ರ ತಿದ್ದುಪಡಿಯೊಳಗ ಶಿಕ್ಷಕರನ್ನ ಸೇರಿಸ್ಯಾರ, ಅದೂ 3 ಏಪ್ರಿಲ್ 1997ರಿಂದ ಅನ್ವಯ ಆಗೂಹಂಗ, 2022ರಾಗ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡದೈತಿ. 5 ವರ್ಷ ಸತತ ಸರ್ವಿಸ್ ಆಗಿರಬೇಕು, ನಿಮ್ದು ಆಗೈತಿ. ಕೊನಿ ತಿಂಗಳ ಬೇಸಿಕ್ (ಮೂಲ ಪಗಾರ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದಿಂದ ಗುಣಿಸ್ರಿ. 30,000 ಇದ್ರ 8 ವರ್ಷಕ್ಕ ಹತ್ತತ್ರ 1,38,461 ರೂಪಾಯಿ. ಕಾಲೇಜಿಗೆ ಅರ್ಜಿ ಕೊಟ್ಟು ಇನ್ವರ್ಡ್ ಸೀಲ್ ಹಾಕಿಸಿದ ಪ್ರತಿ ಇಟ್ಕೋರಿ, ಕೊಡ್ಲಿಲ್ಲಾಂದ್ರ ಆ ಪ್ರತಿ ತಗೊಂಡ ಕಾರ್ಮಿಕ ಇಲಾಖೆ ಆಫೀಸಿಗೆ ಹೋಗ್ರಿ.