ಹೆಸರಿನ ಹತ್ತಿರ ನಿಲ್ಲುವ ನಾಲಿಗೆ: ಒಂದು ಆಪ್ತಸಲಹೆ ಪ್ರಕರಣ

ಪುರುಷ, ನಲವತ್ತು ದಾಟಿದವರು. ಉತ್ತರ ಕರ್ನಾಟಕದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನ. ಈಗ ಇಂಗ್ಲೆಂಡಿನ ಸಣ್ಣ ಊರೊಂದರ ಆಂಗ್ಲಿಕನ್ ಚರ್ಚಿನಲ್ಲಿ ಸಭಾಪಾಲಕರು. 2022ರ ನವೆಂಬರಿನಿಂದ 2023ರ ಮೇವರೆಗೆ ಏಳು ಭೇಟಿಗಳು, ಎಲ್ಲವೂ ವಿಡಿಯೊದಲ್ಲಿ, ಕನ್ನಡದಲ್ಲೇ. ಒಪ್ಪಿಗೆ ಪಡೆದಿದೆ, ಗುರುತು ಹತ್ತದಂತೆ ಮನೆಯ, ಊರಿನ ವಿವರಗಳನ್ನು ಬದಲಿಸಲಾಗಿದೆ.

"ಆ ಹೆಸರು ಬಂತಂದ್ರ ನಾಲಗಿ ನಿಂತ್ಬಿಡ್ತದರೀ. ಮಂದಿ ತಲಿ ಎತ್ತಿ ನೋಡ್ತಾರ." ಮೊದಲ ಭೇಟಿಯಲ್ಲಿ ಹೇಳಿದ ದೂರು ಇಷ್ಟೇ. ಹೆಸರು ಚಾರ್ಲ್ಸ್, ಆರಾಧನೆಯ ಪ್ರಾರ್ಥನೆಯಲ್ಲಿ ಹೇಳಬೇಕಾದ ಹೊಸ ಅರಸನದು. 2022ರ ಸೆಪ್ಟೆಂಬರ್ 8ರ ಗುರುವಾರ ಎರಡನೇ ಎಲಿಜಬೆತ್ ತೀರಿಕೊಂಡರು. 11ರ ಭಾನುವಾರ ಬೆಳಗಿನ ಎಂಟರ ಆರಾಧನೆಗೆ ಪುಸ್ತಕದಲ್ಲಿ ಅಚ್ಚಾಗಿದ್ದ ರಾಣಿಯ ಹೆಸರಿನ ಮೇಲೆ ಅರಸನ ಹೆಸರಿನ ಚೀಟಿ ಅಂಟಿಸಿಕೊಂಡು ನಿಂತರು. ಚೀಟಿ ಬರೆದದ್ದು ತಾವೇ, ಪೆನ್ಸಿಲಿನಲ್ಲಿ. ಆವತ್ತು ಆ ಸಾಲಿನ ಹತ್ತಿರ ಉಸಿರು ಸಿಕ್ಕಿಕೊಂಡಿತು. ಮುಂದಿನ ವಾರಗಳಲ್ಲಿ ಹೆಸರು ಬಿಟ್ಟು "ನಮ್ಮನ್ನು ಆಳುವವರು" ಎಂದು ದಾಟಿಸತೊಡಗಿದರು. ಅಕ್ಟೋಬರಿನಲ್ಲಿ ಒಬ್ಬ ಚರ್ಚ್‌ವಾರ್ಡನ್ (ಚರ್ಚಿನ ಮೇಲ್ವಿಚಾರಣೆಗೆ ಸಭೆಯೇ ಆರಿಸಿದವರು) ಅದನ್ನು ಬರೆದಿಟ್ಟುಕೊಂಡು ಬಿಷಪ್‌ರ ಕೈಕೆಳಗಿನ ಹಿರಿಯ ಪಾದ್ರಿಯಾದ ಆರ್ಚ್‌ಡೀಕನ್‌ಗೆ ತಿಳಿಸಿದರು. ಮಾತುಕತೆಗೆ ಕರೆ ಬಂತು. ಅಲ್ಲಿಂದ ಪ್ರತಿವಾರ ಗುರುವಾರ ರಾತ್ರಿಯಿಂದಲೇ ನಿದ್ದೆಯಿಲ್ಲ. ಎರಡು ಭಾನುವಾರ ಹುಷಾರಿಲ್ಲವೆಂದು ಎಂಟರ ಆರಾಧನೆ ತಪ್ಪಿಸಿದ್ದರು.

ಹಿನ್ನೆಲೆಯಲ್ಲಿ 1942ರಲ್ಲಿ ಜೈಲಿಗೆ ಹೋಗಿ ಬಂದ, ಖಾದಿ ಬಿಟ್ಟು ಬೇರೆ ಉಡದ ಅಜ್ಜ. "ಅಜ್ಜ ಇದ್ದಿದ್ರ ನನ್ನ ಮಕಾ ನೋಡ್ತಿದ್ದಿಲ್ಲ" ಎಂಬ ಮಾತು ಮೂರು ಸಲ ಬಂತು. ಆದರೆ ಇದೇ ವ್ಯಕ್ತಿ ಎಲಿಜಬೆತ್ ಹೆಸರನ್ನು ಒಂಬತ್ತು ವರ್ಷ ತೊಡಕಿಲ್ಲದೆ ಹೇಳಿದ್ದಾರೆ, ಅವರ ಹೆಸರಿನಲ್ಲೇ ನಿಷ್ಠೆಯ ಪ್ರಮಾಣವನ್ನೂ ಮಾಡಿದ್ದಾರೆ. ಹಾಗಾಗಿ ಅಜ್ಜನೇ ಕಾರಣವೆಂದು ನಾನು ಒಪ್ಪಲಿಲ್ಲ. ರಾಣಿಯ ಹೆಸರು ಅವರಿಗೆ ಅಚ್ಚಾಗಿಯೇ ಸಿಕ್ಕಿತ್ತು. ಅರಸನ ಹೆಸರನ್ನು ಕೈಯಾರೆ ಬರೆದು ಅಂಟಿಸಬೇಕಾಯಿತು. ಅಭ್ಯಾಸವಾಗಿದ್ದದ್ದು ಒಂದೇ ವಾರದಲ್ಲಿ ಆಯ್ಕೆಯಾಗಿಬಿಟ್ಟಿತು.

ಚರ್ಚಿನ ಇತಿಹಾಸ ಓದಿದವರಾದ್ದರಿಂದ ಅವರು ತಮ್ಮನ್ನು, ಹೊಸ ಅರಸರನ್ನು ಒಪ್ಪದೆ ಹುದ್ದೆ ಕಳೆದುಕೊಂಡ 1689ರ ಪಾದ್ರಿಗಳ ಸಾಲಿನಲ್ಲಿ ಇಟ್ಟುಕೊಂಡಿದ್ದರು. "ಅವ್ರು ಮನಿ ಮಠ ಕಳ್ಕೊಂಡ್ರು, ನಾ ತೊದಲಕೊಂಡು ಕುಂತೀನಿ." ಅದನ್ನು ಪಕ್ಕಕ್ಕಿಡಿ ಎಂದರೆ ಕೇಳುವ ಹಾಗಿರಲಿಲ್ಲ. ಮೂರನೇ ಭೇಟಿಯನ್ನು ಪೂರ್ತಿ ಅದಕ್ಕೇ ಕೊಟ್ಟೆವು. ಅಲ್ಲಿ ಸರ್ಕಾರ ಬಿಗಿದದ್ದು ಏನನ್ನು, ಹೇಗೆ ಎಂದು ಎಳೆ ಎಳೆಯಾಗಿ ಬಿಡಿಸಿದೆವು. ಇಂಥ ಸಂಕಟದವರು ಬೇರೆ ಸಲಹೆಗಾರರ ಬಳಿಗೂ ಬರಬಹುದು, ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡಕ್ಕೂ ಅರಸನಾಗಿದ್ದ ಎರಡನೇ ಜೇಮ್ಸ್ 1688ರ ಡಿಸೆಂಬರಿನಲ್ಲಿ ಫ್ರಾನ್ಸಿಗೆ ಓಡಿದ. 1689ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕಿರೀಟ ಅವನ ಅಳಿಯ ವಿಲಿಯಂ ಮತ್ತು ಮಗಳು ಮೇರಿಯ ಪಾಲಾಯಿತು. ಇಂಗ್ಲೆಂಡ್ ಪಾದ್ರಿಗಳಿಂದ ಕೇಳಿದ್ದು ಮುಖ್ಯವಾಗಿ ನಿಷ್ಠೆಯ ಪ್ರಮಾಣ: ಆಗಸ್ಟ್ 1ರೊಳಗೆ ಮಾಡದವರು ಅಮಾನತು, ಆರು ತಿಂಗಳು ಕಳೆದು 1690ರ ಫೆಬ್ರವರಿ 1ಕ್ಕೂ ಮಾಡದಿದ್ದರೆ ಹುದ್ದೆಯಿಂದ ವಜಾ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಯಾಂಕ್ರಾಫ್ಟ್, ಇನ್ನೂ ಐವರು ಬಿಷಪ್‌ಗಳು, ಸುಮಾರು 400 ಪಾದ್ರಿಗಳು ಹೀಗೆ ಹೋದರು. ಒಪ್ಪುವವರಿಗೆ ದಾರಿ ಸಲೀಸಾಗಲೆಂದು ಪ್ರಮಾಣದಿಂದ "ನ್ಯಾಯಬದ್ಧ ಹಕ್ಕುಳ್ಳ" ಎಂಬರ್ಥದ ಮಾತುಗಳನ್ನು ಬೇಕೆಂದೇ ತೆಗೆದಿದ್ದರು. ಸಿಂಹಾಸನದ ಮೇಲೆ ಈಗ ಕುಳಿತಿರುವವರಿಗೆ ನಿಷ್ಠೆ ಎಂದರೆ ಸಾಕು, ಅವರದೇ ಹಕ್ಕು ಎನ್ನಬೇಕಿಲ್ಲ. ಬಹಳ ಜನ ಈ ಸಂದಿಯಲ್ಲಿ ನುಸುಳಿದರು.

ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿಯಿತು, ನನ್ನ ದೃಷ್ಟಿಯಲ್ಲಿ ಹೆಚ್ಚು ಚಾಣಾಕ್ಷ ದಾರಿ. ಏಪ್ರಿಲ್ 11ರಂದು ಹೊಸ ಅರಸರ ಹೆಸರು ಸಾರಿದ ಅಲ್ಲಿನ ಪ್ರತಿನಿಧಿ ಸಭೆ, 13ರಂದು ಘೋಷಣಾಪತ್ರ ಹೊರಡಿಸಿತು: ಇನ್ನು ಮೇಲೆ ಯಾರೂ ಜೇಮ್ಸನನ್ನು ಅರಸನೆನ್ನಬಾರದು, ಪಾದ್ರಿಗಳೆಲ್ಲ ವಿಲಿಯಂ ಮತ್ತು ಮೇರಿಗಾಗಿ ಅರಸ, ಅರಸಿ ಎಂದು ಬಹಿರಂಗವಾಗಿ ಪ್ರಾರ್ಥಿಸಬೇಕು, ಈ ಪತ್ರವನ್ನೂ ಪೀಠದಿಂದ ಓದಬೇಕು. ಎಡಿನ್‌ಬರೊದವರು ಮರುದಿನದ ಭಾನುವಾರ 14ಕ್ಕೆ, ಟೇ ನದಿಯ ದಕ್ಷಿಣದವರು 21ಕ್ಕೆ, ಉತ್ತರದವರು 28ಕ್ಕೆ. ತಪ್ಪಿದರೆ ಹುದ್ದೆಯೂ ವರಮಾನವೂ ಹೋಯಿತು. ಎಡಿನ್‌ಬರೊದ ಪಾದ್ರಿಗೆ ಯೋಚಿಸಲು ಸಿಕ್ಕಿದ್ದು ಒಂದು ರಾತ್ರಿ.

ಪ್ರಮಾಣವಾದರೆ ಅಧಿಕಾರಿಯ ಮುಂದೆ ಒಮ್ಮೆ ಮಾಡಿ ಮುಗಿಸುವಂಥದ್ದು. ಪ್ರಾರ್ಥನೆ ಪ್ರತಿವಾರ ಬರುತ್ತದೆ, ಊರಿಗೆ ಊರೇ ಸಾಕ್ಷಿ. ಆಗಸ್ಟ್‌ನಲ್ಲಿ ಅಲ್ಲಿನ ಆಡಳಿತ ಮಂಡಳಿಯಾದ ಪ್ರಿವಿ ಕೌನ್ಸಿಲ್ ಈ ಸಾಕ್ಷಿಗಳಿಗೇ ಬಾಗಿಲು ತೆರೆಯಿತು: ನಿಮ್ಮ ಪಾದ್ರಿ ಪತ್ರ ಓದಿಲ್ಲವೇ, ಪ್ರಾರ್ಥಿಸಿಲ್ಲವೇ, ದೂರು ಕೊಡಿ. ಹಳೆಯ ಹಗೆಗಳೆಲ್ಲ ಆಗ ರಾಜನಿಷ್ಠೆಯ ಅಂಗಿ ತೊಟ್ಟುಕೊಂಡು ಬಂದಿರಲಿಕ್ಕೂ ಸಾಕು. ಆ ವರ್ಷ ಕೌನ್ಸಿಲ್ ಮನೆಗೆ ಕಳಿಸಿದ ಪಾದ್ರಿಗಳು ನೂರೈವತ್ತಕ್ಕೂ ಹೆಚ್ಚು. (ಹೆಸರು ಓದಿಸುವ ಈ ಉಪಾಯ ಕ್ರೈಸ್ತರದಷ್ಟೇ ಅಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಶುಕ್ರವಾರದ ನಮಾಜಿನ ಪ್ರವಚನವಾದ ಖುತ್ಬಾದಿಂದ ಮೊಘಲ್ ಬಾದಶಹನ ಹೆಸರು ಬಿಡಿಸಿ ತನ್ನದನ್ನು ಓದಿಸಿದ್ದೂ ಇದೇ ಲೆಕ್ಕ. ಅರಸನ ಹೆಸರಿನ ನಾಣ್ಯ ಕೈಗೆ ತಲುಪುತ್ತದೆ, ಪ್ರಾರ್ಥನೆ ಕಿವಿಗೆ.)

ನಮ್ಮ ಸಭಾಪಾಲಕರಿಗೆ ಇಲ್ಲಿ ಬೇಕಾಗಿದ್ದ ಸಂಗತಿ ಬೇರೆ: ವಿಚಾರಣೆಗೆ ನಿಂತವರಲ್ಲಿ ಎಲ್ಲರೂ ಧೀರರಲ್ಲ. ಪತ್ರ ತಡವಾಗಿ ಕೈಸೇರಿತು ಎಂದವರಿದ್ದರು. ಪತ್ರ ಓದಿದೆ, ಪ್ರಾರ್ಥಿಸಲಿಲ್ಲ ಎಂದವರಿದ್ದರು. ಹೆಸರೆತ್ತದೆ ಬರೀ "ಅರಸರಿಗಾಗಿ" ಎಂದು ಪ್ರಾರ್ಥಿಸಿ, ಯಾವ ಅರಸ ಎಂಬುದನ್ನು ಕೇಳುವವರಿಗೇ ಬಿಟ್ಟವರಿದ್ದರು. ಈ ಕೊನೆಯವರು ಎರಡೂ ಕಡೆ ಸೋತರು. ಜೇಮ್ಸನ ಪಕ್ಷದವರು ಇವರನ್ನು ನಂಬಲಿಲ್ಲ, ಕೌನ್ಸಿಲೂ ನಂಬಲಿಲ್ಲ, ರಾತ್ರಿ ನಿದ್ದೆಯೂ ಹತ್ತಿರಲಿಕ್ಕಿಲ್ಲ. ಸರ್ಕಾರವೂ ಪಾಠ ಕಲಿಯಿತು. ಮುಂದಿನ ಕಾನೂನುಗಳಲ್ಲಿ "ಸ್ಪಷ್ಟ ಮಾತುಗಳಲ್ಲಿ" ಎಂಬ ಷರತ್ತು ಬಂದದ್ದು ಇಂಥವರಿಂದಲೇ. 1719ರ ಕಾಯ್ದೆಯಲ್ಲಿ, ಮನೆಯವರನ್ನು ಬಿಟ್ಟು ಒಂಬತ್ತು ಜನ ಸೇರಿದ ಕಡೆ ಆಗಿನ ಅರಸ ಜಾರ್ಜನ ಹೆಸರೆತ್ತದ ಎಪಿಸ್ಕೋಪಲ್ (ಬಿಷಪ್‌ಗಳ ಆಡಳಿತ ಒಪ್ಪುವ ಸ್ಕಾಟಿಷ್ ಚರ್ಚಿನ) ಪಾದ್ರಿಗೆ ಆರು ತಿಂಗಳ ಜೈಲು. 1746ರಲ್ಲಿ, ಜೇಮ್ಸನ ವಂಶದ ಪಕ್ಷ ಸೋತ ಕಲೊಡನ್ ಯುದ್ಧದ ನಂತರ, ಲೆಕ್ಕ ಐದಕ್ಕೆ ಇಳಿಯಿತು. ಎರಡನೇ ತಪ್ಪಿಗೆ ಅಮೆರಿಕದ ತೋಟಗಳಿಗೆ ಜೀವಾವಧಿ ಗಡೀಪಾರು. ಆಗ ಪಾದ್ರಿಗಳು ಹೊಸ್ತಿಲಲ್ಲಿ ನಿಂತು ಓದುತ್ತಿದ್ದರು, ಕೋಣೆಯೊಳಗೆ ನಾಲ್ವರು, ಕಿಟಕಿಯಾಚೆ ಉಳಿದವರು. ಲಾಂಗ್‌ಸೈಡಿನ ಪಾದ್ರಿ ಜಾನ್ ಸ್ಕಿನ್ನರ್ 1753ರಲ್ಲಿ ಈ ಲೆಕ್ಕ ಮೀರಿದ್ದಕ್ಕೇ ಅಬರ್ಡೀನಿನ ಜೈಲಿನಲ್ಲಿ ಆರು ತಿಂಗಳು ಕಳೆದರು.

ಗಂಟು ಬಿಚ್ಚಿದ್ದು ಸಾವಿನಿಂದ. ಜೇಮ್ಸನ ಮೊಮ್ಮಗ, ಸಿಂಹಾಸನ ತನ್ನದೆನ್ನುತ್ತಿದ್ದ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ 1788ರ ಜನವರಿಯಲ್ಲಿ ತೀರಿಕೊಂಡ. ಏಪ್ರಿಲಿನಲ್ಲಿ ಎಪಿಸ್ಕೋಪಲ್ ಬಿಷಪ್‌ಗಳು ಅಬರ್ಡೀನಿನಲ್ಲಿ ಕೂಡಿ, ಮೇ 25ರ ಭಾನುವಾರದಿಂದ ಮೂರನೇ ಜಾರ್ಜನ ಹೆಸರೆತ್ತಿ ಪ್ರಾರ್ಥಿಸುವುದೆಂದು ತೀರ್ಮಾನಿಸಿದರು. ಮೊದಲ ಭಾನುವಾರ ಆ ಹೆಸರು ಬಂದಾಗ ಪೀಠದ ಕೆಳಗೆ ಕೆಮ್ಮು, ಮೂಗೊರೆಸುವ ಸದ್ದು ಜೋರಾಗಿತ್ತಂತೆ. ಇದನ್ನು ಕೇಳಿ ನಮ್ಮ ಸಭಾಪಾಲಕರು ಮೊದಲ ಸಲ ನಕ್ಕರು.

ನಾಲ್ಕನೇ ಭೇಟಿಯಿಂದ ಕೆಲಸ. ಅವರ ತಲೆಯಲ್ಲಿ ಒಂದೇ ಮುದ್ದೆಯಾಗಿದ್ದುದನ್ನು ನಾಲ್ಕಾಗಿ ಒಡೆದೆವು: ಪ್ರಮಾಣ, ಪುಸ್ತಕದ ಪಠ್ಯ, ಹೆಸರು, ನೋಡುವ ಕಣ್ಣು. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಸಂಕಟದ ಅಂಕ ಹಾಕಿ ಎಂದೆ. ಪ್ರಮಾಣಕ್ಕೆ 2, ಪಠ್ಯಕ್ಕೆ 3, ಹೆಸರಿಗೆ 8, ವಾರ್ಡನ್‌ರ ಕಣ್ಣಿಗೆ 9. ಅಂಕ ನೋಡಿ ಅವರೇ ಸುಮ್ಮನಾದರು. ದೊಡ್ಡ ತೊಡಕು ಅರಸನದಲ್ಲ, ಬರೆದಿಟ್ಟುಕೊಳ್ಳುವ ನೆರೆಯವರದು.

ಪ್ರಮಾಣದ ಬಗ್ಗೆ ಭಯ ಬೇಡವಿತ್ತು. ಅವರು ಮಾಡಿದ್ದು ರಾಣಿಗೆ ಮತ್ತು "ಕಾನೂನಿನ ಪ್ರಕಾರ ಅವರ ವಾರಸುದಾರರಿಗೆ, ಉತ್ತರಾಧಿಕಾರಿಗಳಿಗೆ". ಅರಸ ಬದಲಾದ ಮಾತ್ರಕ್ಕೆ ಮತ್ತೆ ಮಾಡಬೇಕಿಲ್ಲ. ಆದರೂ ಆರ್ಚ್‌ಡೀಕನ್‌ರ ಭೇಟಿಗೆ ಮೊದಲು ಧರ್ಮಪ್ರಾಂತದ ರಿಜಿಸ್ಟ್ರಾರರಿಂದ, ಅಂದರೆ ಅಲ್ಲಿನ ವಕೀಲರಿಂದ, ಎರಡು ಪ್ರಶ್ನೆಗೆ ಲಿಖಿತ ಉತ್ತರ ತರಿಸಿಕೊಳ್ಳಲು ಹೇಳಿದೆ: ಯಾವ ಆರಾಧನೆಯಲ್ಲಿ ಹೆಸರು ಪಠ್ಯದ ಭಾಗ, ಯಾವುದರಲ್ಲಿ ಐಚ್ಛಿಕ? ಕೆಲಸದ ಜೊತೆ ಮನೆಯೂ ಬಂದಿರುವಾಗ (ಅವರ ವಾಸ ಚರ್ಚಿನ ಮನೆಯಲ್ಲೇ) ಊಹೆಯ ಮೇಲೆ ಮಾತಿಗೆ ಕೂರಬಾರದು. ಎಂಟು ಗಂಟೆಗೆ ಬಳಸುವುದು 1662ರ ಪ್ರಾರ್ಥನಾ ಪುಸ್ತಕ. ಅದರ ಕರ್ತನ ಭೋಜನದಲ್ಲಿ ಆಜ್ಞೆಗಳ ನಂತರದ ಪ್ರಾರ್ಥನೆಯಲ್ಲಿ ಒಮ್ಮೆ, ಸಭೆಗಾಗಿ ಮಾಡುವ ದೀರ್ಘ ಪ್ರಾರ್ಥನೆಯಲ್ಲಿ ಮತ್ತೊಮ್ಮೆ ಹೆಸರು ಬರುತ್ತದೆ. ಹತ್ತು ಗಂಟೆಗೆ ಈ ಕಾಲದ ಆರಾಧನಾ ಪುಸ್ತಕವಾದ ಕಾಮನ್ ವರ್ಷಿಪ್. ಅಲ್ಲಿ ಅರಸರಿಗಾಗಿ ಬೇಡುವುದು ವಾಡಿಕೆ, ಮಾತುಗಳು ಮಾತ್ರ ಬಿಗಿಯಲ್ಲ. ಹತ್ತರಲ್ಲಿ ಒಪ್ಪುವ ಮಾತನ್ನು ಎಂಟರಲ್ಲಿ ಹೇಳಿದ್ದೇ ದೂರಿಗೆ ಕಾರಣವಾಗಿತ್ತು.

ಹೆಸರಿನ ವಿಷಯಕ್ಕೆ ಖಂಡಿತವಾಗಿ ಹೇಳಿದೆ: ಮಧ್ಯದ ದಾರಿ ಬಿಡಿ, ಅಯ್ಯನವರೇ. ಹೇಳುವುದಾದರೆ ಕೇಳುವ ಹಾಗೆ ಹೇಳಿ. ಮನಸ್ಸು ಒಪ್ಪದಿದ್ದರೆ ಎಂಟರ ಆರಾಧನೆಗೆ ನಿವೃತ್ತ ಪಾದ್ರಿಯೊಬ್ಬರನ್ನು ಗೊತ್ತುಮಾಡಿ, ಕಾರಣವನ್ನು ಆರ್ಚ್‌ಡೀಕನ್‌ಗೆ ಬಾಯಿಬಿಟ್ಟು ತಿಳಿಸಿ. ತೊದಲುವಿಕೆ ಎರಡಕ್ಕೂ ಮೋಸ. ತೀರ್ಮಾನಕ್ಕೆ ಮುಂಚೆ ಮಾಡಲು ಒಂದು ಮನೆಕೆಲಸ ಕೊಟ್ಟೆ: ಆ ಎರಡು ಪ್ರಾರ್ಥನೆಗಳನ್ನು ಕನ್ನಡಕ್ಕೆ ಇಳಿಸಿ, ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಎಳೆದು ತಂದರು. ಎಲ್ಲೂ ಅರಸನನ್ನು ಮೆಚ್ಚುವ ಕ್ರಿಯೆ ಇರಲಿಲ್ಲ. ಅವನು ತಾನು ಯಾರ ಸೇವಕನೆಂದು ಅರಿಯಲಿ, ದೇವರ ಗೌರವವನ್ನು ಹುಡುಕಲಿ ಎಂಬ ಬೇಡಿಕೆಗಳೇ. ಅರಸರಿಗಾಗಿ ಪ್ರಾರ್ಥಿಸಿ ಎನ್ನುವ ಬೈಬಲಿನ ಭಾಗವನ್ನು, ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯವನ್ನು, ತಾವಾಗಿಯೇ ನೆನೆದರು. ಅದರ ಅರ್ಥ ಬಿಡಿಸುವುದು ನನ್ನ ಕೆಲಸವಲ್ಲವಾದ್ದರಿಂದ ಅವರ ಆತ್ಮಿಕ ಮಾರ್ಗದರ್ಶಕರಲ್ಲಿಗೆ ಕಳಿಸಿದೆ. ಅಜ್ಜನ ಮಾತಿಗೆ ಉತ್ತರವೂ ಅವರ ಬಾಯಲ್ಲೇ ಬಂತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸಿಎಸ್‌ಐ ಹುಟ್ಟಿದ ಮೇಲೆ ಅಜ್ಜ ದೇಶ ಆಳುವವರಿಗಾಗಿ ಪ್ರತಿವಾರ ಪ್ರಾರ್ಥಿಸುತ್ತಿದ್ದರು, ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಓಟು ಹಾಕದಿದ್ದರೂ.

ದೇಹದ ಕಡೆಗೂ ಗಮನ ಬೇಕು. ನಿಂತ ನಾಲಿಗೆಯನ್ನು ವಾದದಿಂದ ನಡೆಸಲಾಗದು. ಶುಕ್ರವಾರ ಸಂಜೆಯೊಳಗೆ ಪಠ್ಯ ಸಿದ್ಧವಾಗಬೇಕು, ಶನಿವಾರ ಅದನ್ನು ಮುಟ್ಟಬಾರದು. ವಾರದಲ್ಲಿ ಮೂರು ದಿನ, ಖಾಲಿ ಚರ್ಚಿನಲ್ಲಿ, ಹೆಸರಿನ ಹಿಂದಿನ ಎರಡು ಸಾಲಿನಿಂದ ಮುಂದಿನ ಎರಡು ಸಾಲಿನವರೆಗೆ ಐದು ಸಲ ಗಟ್ಟಿಯಾಗಿ ಓದುವುದು. ಉಸಿರು ತೆಗೆದುಕೊಳ್ಳುವುದು ಹೆಸರಿನ ಮುಂಚಿನ ಪದದಲ್ಲಿ ಅಲ್ಲ, ಅದಕ್ಕೂ ಹಿಂದಿನ ಅಲ್ಪವಿರಾಮದಲ್ಲಿ. ಆರು ವಾರ ಅಂಕ ಬರೆದಿಡುವುದು. ನಿದ್ದೆ ಮೂರು ವಾರದಲ್ಲಿ ಸುಧಾರಿಸದಿದ್ದರೆ ವೈದ್ಯರಲ್ಲಿಗೆ ಹೋಗಬೇಕೆಂದು ಮಾತಾಗಿತ್ತು, ಬೇಕಾಗಲಿಲ್ಲ.

ಆರ್ಚ್‌ಡೀಕನ್‌ರ ಭೇಟಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ರಿಜಿಸ್ಟ್ರಾರರ ಲಿಖಿತ ಉತ್ತರ ಕೈಯಲ್ಲಿದ್ದದ್ದು ಅನುಕೂಲವಾಯಿತು. ಎಂಟರಲ್ಲಿ ಹೆಸರು ಹೇಳುವುದಾಗಿ ಒಪ್ಪಿ ಬಂದರು. 2023ರ ಮೇ 6ರ ಪಟ್ಟಾಭಿಷೇಕಕ್ಕೆ ವಾರವಿರುವಾಗ, ಟಿವಿ ನೋಡುವ ಜನರೂ ದನಿಗೂಡಿಸಿ ಅರಸನಿಗೆ ನಿಷ್ಠೆ ಹೇಳಲಿ ಎಂಬ ಕರೆ ಬಂತಲ್ಲ, ಚರ್ಚ್ ಹಾಲಿನ ಪರದೆಯ ಮುಂದೆ ಅದನ್ನು ತಾನು ಹೇಳಿಸುವುದಿಲ್ಲವೆಂದು ವಾರ್ಡನ್‌ರಿಬ್ಬರಿಗೂ ಮುಂಚಿತವಾಗಿ ತಿಳಿಸಿದರು. ಬೇಕಾದವರು ಹೇಳಿಕೊಂಡರು. ಸಭಾಪಾಲಕರು ಚಹಾ ಹಂಚುತ್ತಿದ್ದರು.

ಏಳನೇ ಭೇಟಿಯ ಹೊತ್ತಿಗೆ ಹೆಸರಿನ ಅಂಕ 8ರಿಂದ 3ಕ್ಕೆ ಇಳಿದಿತ್ತು. ವಾರ್ಡನ್‌ರ ಕಣ್ಣಿನದು ಮಾತ್ರ 6ರಲ್ಲೇ ನಿಂತಿದೆ. ಅವರು ಮುಂದಿನ ಬೆಂಚಿಗೆ ಬಂದು ಕೂತ ಭಾನುವಾರ 7 ಆಗುತ್ತದೆ. ಅವರ ಜೊತೆ ಒಂದು ಮಾತು ಆಡಬೇಕೆಂದು ತೀರ್ಮಾನವಾಗಿದೆ, ದಿನ ಇನ್ನೂ ಗೊತ್ತಾಗಿಲ್ಲ.