ಸಾಧು ನಾಯಿಗೂ ಸಫಾರಿ ಇಲ್ಲ

ಪ್ರಶ್ನೆ: ಡಾಕ್ಟರೇ, ನಾವು ಬನಶಂಕರಿಯವರು. ದಸರಾ ರಜೆಯಲ್ಲಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಪಡೆದು ಬಂಡೀಪುರದ ಮೇಲೆ ಊಟಿಗೆ ಹೋಗಿಬರುವ ಯೋಚನೆಯಿದೆ. ಏಳು ವರ್ಷದ ಲ್ಯಾಬ್ರಡಾರ್ ಮತ್ತು ಬೀದಿಯಿಂದ ತಂದು ಸಾಕಿದ ಎರಡು ವರ್ಷದ ನಾಯಿ ಜೊತೆಗಿರುತ್ತವೆ. ಎರಡೂ ಬಹಳ ಸಾಧು, ಲಸಿಕೆಗಳೂ ಆಗಿವೆ. ವ್ಯಾನಿನಲ್ಲಿ ಏ.ಸಿ. ಹಾಕಿ ಅವುಗಳನ್ನು ಮಲಗಿಸಿ ನಾವು ಸಫಾರಿಗೆ ಹೋಗಬಹುದೇ? ಇಂಥ ನಾಯಿಗಳನ್ನೂ ಕಾಡಿಗೆ ಬಿಡದಿರಲು ಕಾರಣವೇನು?

ಉತ್ತರ: ವ್ಯಾನಿನಲ್ಲಿ ಬಿಟ್ಟು ಹೋಗಬೇಡಿ. ಉಳಿದದ್ದನ್ನೆಲ್ಲ ಹೇಗಾದರೂ ಹೊಂದಿಸಿಕೊಳ್ಳಬಹುದು, ಇದೊಂದರಲ್ಲಿ ರಿಯಾಯಿತಿ ಇಲ್ಲ. ಹೊರಗೆ 24 ಡಿಗ್ರಿಯ ಹಿತವಾದ ಹವೆ ಇದ್ದಾಗಲೂ ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಂತ ವಾಹನದೊಳಗೆ ಹತ್ತು ನಿಮಿಷದಲ್ಲಿ 34, ಅರ್ಧ ಗಂಟೆಯಲ್ಲಿ 43 ಡಿಗ್ರಿಯ ಹತ್ತಿರ ಏರುತ್ತದೆ. ಕಿಟಕಿಯನ್ನು ಎರಡು ಬೆರಳು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ; ನಾಲಗೆ ಚಾಚಿ ಏದುಸಿರು ಬಿಡುತ್ತಲೇ ಶಾಖವನ್ನು ಹೊರಹಾಕಬೇಕು. ಸುತ್ತಲಿನ ಗಾಳಿಯೇ ಕಾದರೆ ಆ ದಾರಿಯೂ ಮುಚ್ಚಿತು. ‘ಏ.ಸಿ. ಇದೆಯಲ್ಲ’ ಎನ್ನುತ್ತೀರಿ. ಎಂಜಿನ್ನಿನಿಂದ ನಡೆಯುವ ಏ.ಸಿ. ಎಂಜಿನ್ ನಿಂತ ಕೂಡಲೇ ನಿಲ್ಲುತ್ತದೆ. ಇನ್ವರ್ಟರಿನದಾದರೆ ಬ್ಯಾಟರಿ ಇರುವಷ್ಟು ಹೊತ್ತು, ಹೊರಗಿನಿಂದ ವಿದ್ಯುತ್ ಪಡೆದರೆ ಕರೆಂಟು ಇರುವಷ್ಟು ಹೊತ್ತು. ಅದು ಕೈಕೊಟ್ಟ ಗಳಿಗೆಯಲ್ಲಿ ನೀವು ಇಲಾಖೆಯ ಬಸ್ಸಿನಲ್ಲಿ ಕಾಡಿನ ನಡುವೆ ಇರುತ್ತೀರಿ. ಇಳಿದು ಓಡಿಬರುವಂತಿಲ್ಲ, ಅಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ಇನ್ನು ನಿಮ್ಮ ಎರಡನೆಯ ಮಾತು. ಲಾಲ್‌ಬಾಗಿನ ಗೇಟಿನಲ್ಲಿ ನಾಯಿ ಹಿಡಿದು ನಿಂತು ‘ಕಬ್ಬನ್ ಪಾರ್ಕಿನಲ್ಲಿ ಬಿಡುತ್ತಾರಲ್ಲ’ ಎಂದು ವಾದಿಸುವವರು ನಮ್ಮೂರಿನಲ್ಲಿ ಬಹಳ ಮಂದಿ. ಉದ್ಯಾನದ ವಿಷಯದಲ್ಲಿ ಆ ವಾದ ನಡೆಯಲಿ, ನನ್ನ ಅಡ್ಡಿಯಿಲ್ಲ. ಕಾಡಿನ ನಿಷೇಧಕ್ಕೂ ನಿಮ್ಮ ನಾಯಿಯ ಸ್ವಭಾವಕ್ಕೂ ಸಂಬಂಧವೇ ಇಲ್ಲ. ಬಂಡೀಪುರ, ನಾಗರಹೊಳೆಗಳಲ್ಲಿ ಸೀಳುನಾಯಿಗಳಿವೆ. ಅವು ಹಿಂಡಿನಲ್ಲಿ ಬದುಕುವ ಪ್ರಾಣಿಗಳು, ನಮ್ಮ ಸಾಕುನಾಯಿಗಳ ದೂರದ ನೆಂಟರು. ನಾಯಿಗೆ ಬರುವ ರೇಬಿಸ್, ಡಿಸ್ಟೆಂಪರ್, ಪಾರ್ವೋ ಅವಕ್ಕೂ ಬರುತ್ತವೆ; ಒಂದಕ್ಕೆ ತಗುಲಿದರೆ ಇಡೀ ಹಿಂಡಿಗೆ ಹಬ್ಬಬಹುದು. ಡಿಸ್ಟೆಂಪರ್ ಬೆಕ್ಕಿನ ಕುಲವನ್ನೂ ಬಿಟ್ಟಿಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಸಿಂಹಗಳು ಸತ್ತವು. ಸುತ್ತಲ ಹಳ್ಳಿಗಳ ನಾಯಿಗಳಿಂದ ರೋಗ ಬಂದಿರಬೇಕು ಎಂಬುದು ಸಂಶೋಧಕರ ನಿಲುವು. 2018ರಲ್ಲಿ ನಮ್ಮ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವೈರಾಣು ಪತ್ತೆಯಾಯಿತು.

ಲಸಿಕೆ ಹಾಕಿಸಿದ್ದೀರಿ, ಒಳ್ಳೆಯದು. ಆದರೆ ಗೇಟಿನಲ್ಲಿ ನಿಂತ ಸಿಬ್ಬಂದಿ ಪ್ರತಿ ನಾಯಿಯ ಲಸಿಕೆ ಪುಸ್ತಕ ಓದಿ ಒಳಗೆ ಬಿಡಲು ಸಾಧ್ಯವೇ? ಲಸಿಕೆ ಉಣ್ಣೆಹುಳುವನ್ನು ತಡೆಯುವುದೂ ಇಲ್ಲ. ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಇದು ಕಾಡಿನ ಪರವಾದ ಮಾತು. ನಾಯಿಯ ಪರವಾಗಿ ಹೇಳುವುದಾದರೆ, ಚಿರತೆಗೆ ನಾಯಿ ಸುಲಭದ ಊಟ. ಗುಂಡ್ಲುಪೇಟೆ ಕಡೆ ವ್ಯಾನ್ ನಿಲ್ಲಿಸಿ ರಾತ್ರಿ ಉಳಿದರೆ ‘ಗಾಳಿ ಚೆನ್ನಾಗಿದೆ’ ಎಂದು ನಾಯಿಯನ್ನು ಚಕ್ರಕ್ಕೆ ಕಟ್ಟಿ ಮಲಗಬೇಡಿ. ಒಳಗೇ ಮಲಗಿಸಿ.

ಹಾಗಾದರೆ ಏನು ಮಾಡುವುದು? ಹೆದ್ದಾರಿಯಲ್ಲಿ ಹಾದುಹೋಗಲು ತೊಂದರೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅನುಮತಿಯಿಲ್ಲದೆ ಅಭಯಾರಣ್ಯ ಪ್ರವೇಶಿಸುವುದನ್ನು ನಿರ್ಬಂಧಿಸುತ್ತದೆಯಾದರೂ ಸಾರ್ವಜನಿಕ ಹೆದ್ದಾರಿಯಲ್ಲಿ ಸಾಗುವವರಿಗೆ ವಿನಾಯಿತಿ ಕೊಟ್ಟಿದೆ. ಸಾಗುವವರಿಗೆ ಎಂಬುದನ್ನು ನೆನಪಿಡಿ: ನಿಲ್ಲುವಂತಿಲ್ಲ, ಇಳಿಯುವಂತಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ. ಆದ್ದರಿಂದ ನಾಯಿಗಳ ಬಹಿರ್ದೆಸೆ, ನೀರು, ಓಡಾಟ ಎಲ್ಲವನ್ನೂ ಗುಂಡ್ಲುಪೇಟೆ ದಾಟುವ ಮೊದಲೇ ಮುಗಿಸಿ. ಕಾಡಿನ ದಾರಿಯಲ್ಲಿ ಕಿಟಕಿ ಪೂರ್ತಿ ಮುಚ್ಚಿ, ನಾಯಿಗಳ ಬೆಲ್ಟು ಬಿಗಿದಿರಲಿ. ಜಿಂಕೆ ಕಂಡ ಲ್ಯಾಬ್ರಡಾರಿನ ಸಾಧುತನವನ್ನು ನಾನಂತೂ ಪಣಕ್ಕಿಡಲಾರೆ.

ಸಫಾರಿ ಬೇಕೇ ಬೇಕೆಂದರೆ ಸರದಿಯಲ್ಲಿ ಹೋಗಿ. ಬೆಳಗಿನದಕ್ಕೆ ಇಬ್ಬರು, ಸಂಜೆಯದಕ್ಕೆ ಇನ್ನಿಬ್ಬರು. ಉಳಿದವರು ಊರಿನ ಕಡೆ, ನೆರಳಿನಲ್ಲಿ, ನಾಯಿಗಳ ಜೊತೆ. ಇಲ್ಲವೇ ಮೈಸೂರಿನಲ್ಲಿ ಒಂದು ದಿನದ ಮಟ್ಟಿಗೆ ನಾಯಿಗಳನ್ನು ನೋಡಿಕೊಳ್ಳುವ ಕಡೆ ಬಿಡಿ, ಆದರೆ ಮೊದಲೇ ಹೋಗಿ ಜಾಗ ನೋಡಿಕೊಂಡು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಇದೇ ಲೆಕ್ಕ: ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸುತ್ತಾರೆ, ಮೇಲಕ್ಕೆ ಸಾರಿಗೆ ಬಸ್ಸು. ನನ್ನನ್ನು ಕೇಳಿದರೆ, ನಾಯಿ ಜೊತೆಗಿರುವ ಪ್ರವಾಸದಲ್ಲಿ ಸಫಾರಿಯನ್ನೇ ಕೈಬಿಡಿ.

ಊಟಿಗೆ ಇ-ಪಾಸ್ ಮೊದಲೇ ಮಾಡಿಸಿಕೊಳ್ಳಿ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ನಿಷೇಧವಿದೆ, ಗಡಿಯಲ್ಲಿ ತಪಾಸಣೆಯೂ ನಡೆಯುತ್ತದೆ. ನಾಯಿಗಳ ನೀರನ್ನು ಸ್ಟೀಲ್ ಕ್ಯಾನಿನಲ್ಲಿ ಒಯ್ಯಿರಿ. ದೊಡ್ಡ ವ್ಯಾನಿಗೆ ಗೂಡಲೂರು ರಸ್ತೆಯೇ ಸರಿ, ಮಸಿನಗುಡಿ ಕಡೆಯ 36 ತಿರುವುಗಳ ಸಾಹಸ ಬೇಡ. ಉಣ್ಣೆಹುಳುವಿನ ಮಾತ್ರೆ ಮರೆಯಬೇಡಿ. ಬಾಕಿ ಲಸಿಕೆ ಏನಾದರೂ ಇದ್ದರೆ ಹೊರಡುವ ಹಿಂದಿನ ದಿನ ಹಾಕಿಸಿ ಫಲವಿಲ್ಲ. ಎರಡು ಮೂರು ವಾರ ಮೊದಲೇ ಮುಗಿಸಿ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಜೂನ್‌ನಲ್ಲಿ ನಾವು ಜಯನಗರದಿಂದ ಹೋದಾಗ ಅವನ ನಾಯಿಯನ್ನೂ ಕರೆದುಕೊಂಡು ಆರ್‌ವಿಯಲ್ಲಿ, ಅಂದರೆ ಅಲ್ಲಿನ ಕ್ಯಾಂಪರ್ ವ್ಯಾನಿನಲ್ಲಿ, ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಸುತ್ತಾನಂತೆ. ಅಲ್ಲಿ ನಾಯಿಗಳನ್ನು ಬಿಡುತ್ತಾರೆಯೇ?

ಉತ್ತರ: ಗೇಟಿನೊಳಗೆ ಬಿಡುತ್ತಾರೆ, ಕಾಡಿನೊಳಗೆ ಬಿಡುವುದಿಲ್ಲ. ಹಗ್ಗ ಆರು ಅಡಿಗಿಂತ ಉದ್ದವಿರಬಾರದು. ಯೆಲ್ಲೊಸ್ಟೋನಿನಲ್ಲಿ ರಸ್ತೆ, ಪಾರ್ಕಿಂಗ್, ಕ್ಯಾಂಪಿನ ಜಾಗಗಳಿಂದ 100 ಅಡಿಯೊಳಗೆ ಮಾತ್ರ ನಾಯಿ ಇರಬಹುದು. ಕಾಲುದಾರಿಗಳಲ್ಲೂ ಬಿಸಿನೀರಿನ ಬುಗ್ಗೆಗಳ ನಡುವಿನ ಹಲಗೆದಾರಿಗಳಲ್ಲೂ ಕರೆದೊಯ್ಯುವಂತಿಲ್ಲ. ಕುದಿಯುವ ನೀರಿಗೆ ಹಾರಿ ಸತ್ತ ನಾಯಿಗಳ ನಿಜಕಥೆಗಳಿರುವ ಜಾಗವದು. ಗ್ರ್ಯಾಂಡ್ ಕ್ಯಾನ್ಯನ್ ಪರವಾಗಿಲ್ಲ: ದಕ್ಷಿಣ ಅಂಚಿನ ದಾರಿಯಲ್ಲಿ ಹಗ್ಗ ಹಿಡಿದು ನಡೆಸಬಹುದು, ಕಣಿವೆಗೆ ಇಳಿಸುವಂತಿಲ್ಲ. ಅಲ್ಲಿ ನಾಯಿಗಳನ್ನು ಬಿಡಲು ಕೆನಲ್ ಕೂಡ ಇದೆ. ಲಸಿಕೆಯ ದಾಖಲೆ ಕೇಳುತ್ತಾರೆ, ಮುಂಗಡ ಕಾಯ್ದಿರಿಸುವುದು ಕ್ಷೇಮ. ಆರ್‌ವಿಯಲ್ಲೇ ಬಿಟ್ಟು ಹೋಗುವ ಆಸೆಗೆ ಮೇಲಿನ ಉತ್ತರವೇ ಅನ್ವಯ. ಜನರೇಟರ್ ಹಾಕಲು ಕ್ಯಾಂಪುಗಳಲ್ಲಿ ಗೊತ್ತಾದ ಸಮಯವಿರುತ್ತದೆ, ದಿನವಿಡೀ ಏ.ಸಿ. ನಡೆಯುತ್ತದೆಂದು ಭಾವಿಸಬೇಡಿ. ಮಗನಿಗೆ ಪ್ರವಾಸದ ಜಾಗ ಬದಲಿಸುವ ಮನಸ್ಸಿದ್ದರೆ ಪೂರ್ವ ಕರಾವಳಿಯ ಅಕೇಡಿಯಾ ಪಾರ್ಕಿನಲ್ಲಿ ಸುಮಾರು 100 ಮೈಲಿ ಕಾಲುದಾರಿ ನಾಯಿಗಳಿಗೆ ತೆರೆದಿದೆ.

ಪ್ರಶ್ನೆ: ನಮ್ಮ ಪಗ್ ಘಾಟಿ ಬಂದ ಕೂಡಲೇ ವಾಂತಿ ಮಾಡುತ್ತದೆ. ನಾವು ತೆಗೆದುಕೊಳ್ಳುವ ಮಾತ್ರೆಯಲ್ಲೇ ಅರ್ಧ ಕೊಡಬಹುದೇ?

ಉತ್ತರ: ಬೇಡ. ನಾಯಿಗೆಂದೇ ಮಾತ್ರೆಗಳಿವೆ, ತೂಕ ನೋಡಿ ನಿಮ್ಮ ವೈದ್ಯರು ಬರೆದುಕೊಡುತ್ತಾರೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಸ್ವಲ್ಪ ಮೊಸರನ್ನ ಕೊಟ್ಟು ನಿಲ್ಲಿಸಿ. ದಾರಿಯಲ್ಲಿ ನೀರು ಮಾತ್ರ. ನಿದ್ದೆಯ ಮದ್ದನ್ನಂತೂ ಕೇಳಲೇಬೇಡಿ, ಮೋಟು ಮೂಗಿನ ನಾಯಿಗೆ ಎಚ್ಚರವಿದ್ದಾಗಲೇ ಉಸಿರಾಟ ಕಷ್ಟ.