ಬೆರಳಚ್ಚಿಗೆ ಬೀಗ ಹಾಕಿದರೆ, ಕೀಲಿಕೈ ಎಲ್ಲಿಡಬೇಕು?

ಪ್ರಶ್ನೆ: ಪಾಸ್‌ವರ್ಡನ್ನು ಹ್ಯಾಶ್ ಮಾಡಿ (ಮರಳಿ ಬಿಡಿಸಲಾಗದ ಸಂಕೇತವಾಗಿ ಬದಲಿಸಿ) ಇಡುತ್ತಾರಂತೆ, ಮೂಲ ಪಾಸ್‌ವರ್ಡ್ ಸರ್ವರಿನಲ್ಲಿ ಇರುವುದೇ ಇಲ್ಲವಂತೆ. ಬೆರಳಚ್ಚು, ಐರಿಸ್‌ಗೂ (ಕಣ್ಣಿನ ಬಣ್ಣದ ಉಂಗುರ) ಹಾಗೇ ಮಾಡಬಾರದೇಕೆ? (ದಾವಣಗೆರೆಯ ಓದುಗರು)

ಉತ್ತರ: ಪಾಸ್‌ವರ್ಡ್ ಪ್ರತಿಸಲವೂ ಅಕ್ಷರ ತಪ್ಪದೆ ಅದೇ ಇರುತ್ತದೆ, ಬೆರಳು ಹಾಗಲ್ಲ. ನಿನ್ನೆ ಒಣಗಿತ್ತು, ಇವತ್ತು ಪಾತ್ರೆ ತೊಳೆದು ಮುದುಡಿದೆ, ಇಟ್ಟದ್ದೂ ಕೊಂಚ ಓರೆಯಾಗಿ. ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನಕ್ಕೆ ಒಳಹೋಗುವ ಒಂದೇ ಬಿಟ್ (0 ಅಥವಾ 1) ಬದಲಾದರೂ ಹೊರಬರುವ 256 ಬಿಟ್‌ಗಳಲ್ಲಿ ಸುಮಾರು ಅರ್ಧ ಬದಲಾಗುತ್ತವೆ. ‘ಸರಿಸುಮಾರು ಅದೇ’ ಎಂದು ಹೇಳಲು ಹ್ಯಾಶ್‌ಗೆ ಬರುವುದಿಲ್ಲ, ಗುರುತು ಹೋಲಿಕೆಗೆ ಬೇಕಾದದ್ದು ಅದೇ. ವಿಜ್ಞಾನಿ ಜಾನ್ ಡೌಗ್‌ಮನ್ ರೂಪಿಸಿದ ಐರಿಸ್ ಕೋಡ್, ಅಂದರೆ ಐರಿಸ್‌ನ ವಿನ್ಯಾಸವನ್ನು ಬಿಟ್ ಸಾಲಾಗಿ ಬರೆದದ್ದು, 2048 ಬಿಟ್‌ಗಳದ್ದು. ಒಂದೇ ಕಣ್ಣನ್ನು ಎರಡು ಸಲ ತೆಗೆದರೂ ಅದರಲ್ಲಿ ನೂರಾರು ಬಿಟ್ ಬೇರೆಯಾಗಬಹುದು. ಬೇರೆಯವರ ಕಣ್ಣಾದರೆ ವ್ಯತ್ಯಾಸ ಸುಮಾರು ಅರ್ಧಕ್ಕೇ ಏರುತ್ತದೆ. ಹೌದು-ಅಲ್ಲ ಎಂಬ ಗೆರೆಯನ್ನು ಸಾಮಾನ್ಯವಾಗಿ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಎಳೆಯುತ್ತಾರೆ.

ಪ್ರಶ್ನೆ: ಹ್ಯಾಶ್ ಆಗದಿದ್ದರೆ ರಹಸ್ಯ ಕೀಲಿಯಿಂದ (ಗುಟ್ಟಾಗಿಟ್ಟ ಬಿಟ್ ಸಾಲು) ಮರೆಮಾಡಬಹುದಂತೆ. ಆದರೆ ಮರೆಮಾಡಿದ ಮೇಲೆ ಹೋಲಿಸುವುದು ಹೇಗೆ? ತೆರೆದೇ ನೋಡಬೇಕಲ್ಲವೇ? (ಶಿರಸಿಯ ಓದುಗರು)

ಉತ್ತರ: ಐರಿಸ್ ಕೋಡ್‌ನಂಥ ಬಿಟ್ ಸಾಲಿಗೆ ತೆರೆಯಬೇಕಿಲ್ಲ. ಎಂಟೇ ಬಿಟ್‌ಗಳಲ್ಲಿ ನೋಡಿ. ನೋಂದಣಿಯ ದಿನದ ಕೋಡ್ 10110010, ಕೀಲಿ 01101101. ಎರಡನ್ನೂ ಎಕ್ಸಾರ್ ಮಾಡಿದರೆ (ಎರಡು ಬಿಟ್ ಒಂದೇ ಆದರೆ 0, ಬೇರೆಯಾದರೆ 1) ಬರುವುದು 11011111. ಸರ್ವರಿನಲ್ಲಿ ಇದಷ್ಟೇ ಇರುತ್ತದೆ. ಇಂದು ತೆಗೆದ ಕೋಡ್ 10110110, ಅದೇ ಕೀಲಿ ಹಾಕಿದರೆ 11011011. ಮರೆಮಾಡಿದ ಈ ಎರಡರ ನಡುವೆ ಒಂದೇ ಬಿಟ್ ವ್ಯತ್ಯಾಸ, ಮೂಲಗಳ ನಡುವೆಯೂ ಅಷ್ಟೇ. ಕಣ್ಣು ಕಾಣದೆಯೇ ಸರ್ವರ್ ಲೆಕ್ಕ ಹಾಕಿತು.

ಕೆಲಸ ಕೆಡುವುದು ಮುಖ್ಯವಾಗಿ ಎರಡು ಕಡೆ. ಒಂದು, ಎಲ್ಲರಿಗೂ ಒಂದೇ ಕೀಲಿ ಹಾಕುವುದು. ಆಗ ಒಳಗಿನ ಒಬ್ಬ ನೌಕರ ತನ್ನದೇ ಕೋಡನ್ನು ಸರ್ವರಿನಲ್ಲಿರುವ ತನ್ನ ದಾಖಲೆಯೊಂದಿಗೆ ಎಕ್ಸಾರ್ ಮಾಡಿದರೆ ಸಾಕು, ಎಲ್ಲರ ಕೀಲಿಯೂ ಕೈಗೆ ಬಂತು. ಆದ್ದರಿಂದ ಪ್ರತಿಯೊಬ್ಬರಿಗೂ, ಪ್ರತಿ ಸಂಸ್ಥೆಗೂ ಬೇರೆ ಕೀಲಿ, ಅದೂ ಪೂರ್ತಿ 2048 ಯಾದೃಚ್ಛಿಕ ಬಿಟ್‌ಗಳದ್ದು ಬೇಕು. ಇನ್ನೊಂದು, ತಲೆ ಓರೆ. ತಲೆ ವಾಲಿದರೆ ಕೋಡ್ ಪಕ್ಕಕ್ಕೆ ಸರಿಯುತ್ತದೆ. ಕೀಲಿ ಹಾಕಿದ ಮೇಲೆ ಅದನ್ನು ಸರಿಪಡಿಸಲಾಗದು, ಸರಿಸಿದರೆ ಕೀಲಿಯೂ ಜೊತೆಗೆ ಸರಿಯುತ್ತದೆ. ಕೋಡನ್ನು ಅತ್ತಿತ್ತ ಸರಿಸಿ, ಎಲ್ಲಕ್ಕೂ ಅದೇ ಕೀಲಿ ಹಾಕಿ ಹತ್ತಾರು ಪ್ರತಿ ಕಳಿಸುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಬೇಡ. ಆ ಪ್ರತಿಗಳನ್ನು ಒಂದರೊಂದಿಗೊಂದು ಎಕ್ಸಾರ್ ಮಾಡಿದರೆ ಕೀಲಿ ರದ್ದಾಗಿ, ಕೋಡ್‌ನ ಗುಟ್ಟು ಸೋರುತ್ತದೆ. ಕ್ಯಾಮೆರಾದಲ್ಲೇ ಎರಡೂ ಕಣ್ಣುಗಳ ಸಾಲು ಹಿಡಿದು ಚಿತ್ರ ನೇರ ಮಾಡಿಕೊಂಡು, ಆಮೇಲೆ ಕೀಲಿ ಹಾಕಬೇಕು.

ದಾಖಲೆ ಕಳುವಾದರೆ ಕಣ್ಣು ಬದಲಿಸಲಾಗದು, ಕೀಲಿ ಬದಲಿಸಬಹುದು. ಹಳೆ ಕೀಲಿಯನ್ನೂ ಹೊಸದನ್ನೂ ಎಕ್ಸಾರ್ ಮಾಡಿ, ಬಂದದ್ದನ್ನು ದಾಖಲೆಗೆ ಹಚ್ಚಿದರಾಯಿತು, ಮೂಲ ಕೋಡ್ ನಡುವೆ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಕೀಲಿಯೇ ಕಳೆದುಹೋದರೆ ಮತ್ತೆ ನೋಂದಣಿಗೆ ಕೂರಬೇಕು. ದಾಖಲೆಯೂ ಕೀಲಿಯೂ ಒಬ್ಬನ ಕೈಗೇ ಸಿಕ್ಕರೆ ಮಾತ್ರ ಉಳಿಗಾಲವಿಲ್ಲ. ಅದಕ್ಕೇ ಕೀಲಿ ಇರಬೇಕಾದ ಜಾಗ ನಿಮ್ಮ ಕಾರ್ಡ್ ಅಥವಾ ಫೋನ್, ಸರ್ವರ್ ಅಲ್ಲ.

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕೆ ಬೆರಳಚ್ಚಿನ ಹಾಜರಿ ಯಂತ್ರ ತರುತ್ತಿದ್ದೇವೆ, 14 ಜನ ಸಿಬ್ಬಂದಿ. ‘ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತೆ’ ಅನ್ನುತ್ತಾರೆ ಮಾರುವವರು. ನಂಬಬಹುದೇ? (ಹಾಸನದ ಓದುಗರು)

ಉತ್ತರ: ‘ಕೀಲಿ ಎಲ್ಲಿದೆ?’ ಎಂದು ಕೇಳಿ. ಎಇಎಸ್ ಎಂಬ ಮಾಮೂಲಿ ಗೂಢಲಿಪಿ ಬೀಗದಲ್ಲಿಟ್ಟ ಬೆರಳಚ್ಚನ್ನು ಹೋಲಿಸಲು ಪ್ರತಿಸಲವೂ ಬಿಚ್ಚಲೇಬೇಕು. ಬಿಚ್ಚುವುದು ಯಂತ್ರದ ಒಳಗಿನ ಸುರಕ್ಷಿತ ಚಿಪ್‌ನಲ್ಲೋ, ಆಫೀಸಿನ ಕಂಪ್ಯೂಟರಿನಲ್ಲೋ? ಕೀಲಿ ಅದೇ ಕಂಪ್ಯೂಟರಿನ ಸೆಟ್ಟಿಂಗ್ಸ್ ಫೈಲಿನಲ್ಲಿದ್ದರೆ ಬೀಗ ಹಾಕಿ ಕೀಲಿಕೈಯನ್ನು ಚಿಲಕಕ್ಕೇ ನೇತುಹಾಕಿದಂತೆ. ಪೆನ್‌ಡ್ರೈವ್‌ಗೆ ಎಲ್ಲರ ಬೆರಳಚ್ಚು ಇಳಿಸುವ ಸೌಲಭ್ಯ ಇದೆಯೇ, ಇದ್ದರೆ ಬಂದ್ ಮಾಡಬಹುದೇ? ಕಾರ್ಖಾನೆಯಿಂದ ಬರುವ ಎಲ್ಲ ಯಂತ್ರಗಳಿಗೂ ಒಂದೇ ಕೀಲಿಯೇ? ‘ಶೇ 78 ಹೊಂದಿಕೆ’ ಎಂಬಂತೆ ಅಂಕ ತೋರಿಸುವ ಯಂತ್ರವೂ ಬೇಡ. ಅಂಕ ಏರುವ ದಿಕ್ಕಿಗೇ ನಕಲನ್ನು ತಿದ್ದುತ್ತ ಹೋದರೆ ಅಸಲಿನ ಹತ್ತಿರಕ್ಕೆ ಬಂದುಬಿಡಬಹುದು. ಹಳೆ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ದಾಖಲೆ ಅಳಿಸಬೇಕೆಂಬುದು ಎಷ್ಟೋ ಕಡೆ ನೆನಪೇ ಇರುವುದಿಲ್ಲ.

ನಮ್ಮನ್ನು ಕೇಳಿದರೆ, 14 ಜನಕ್ಕೆ ಸಹಿ ಪುಸ್ತಕ ಸಾಕು. ಯಂತ್ರ ಬೇಕೇ ಬೇಕೆಂದರೆ, ಬೆರಳಚ್ಚು ಅವರವರ ಕಾರ್ಡ್‌ನಲ್ಲೇ ಇದ್ದು, ಯಂತ್ರ ಅದೊಂದನ್ನೇ ಹೋಲಿಸುವ ಮಾದರಿ ತನ್ನಿ.

ಪ್ರಶ್ನೆ: ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ನನ್ನ ಬೆರಳಚ್ಚಿಗೆ ಹೊಸ ಕೀಲಿ ಬೀಳುತ್ತದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಇಲ್ಲ. ಅದು ‘ಈಗ ಯಾರು ಕೇಳಿದರೂ ಹೋಲಿಸಬೇಡ’ ಎಂಬ ಸ್ವಿಚ್ ಅಷ್ಟೇ. ಗೂಢಲಿಪಿಯ ಕೆಲಸ ಲಾಕ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಬೆರಳಿನ ಮಾಹಿತಿಗೆ ಆ ಸಲಕ್ಕಷ್ಟೇ ಹುಟ್ಟಿಸಿದ 256 ಬಿಟ್‌ನ ಎಇಎಸ್ ಕೀಲಿ ಬೀಳುತ್ತದೆ, ಆ ಕೀಲಿಯನ್ನು ಆಧಾರ್ ಪ್ರಾಧಿಕಾರದ 2048 ಬಿಟ್‌ನ ಸಾರ್ವಜನಿಕ ಕೀಲಿಯಿಂದ (ಮುಚ್ಚಲಷ್ಟೇ ಬರುವ, ಬಿಚ್ಚಲು ಬಾರದ ಕೀಲಿ) ಮುಚ್ಚಿ ಕಳಿಸುತ್ತಾರೆ. ಬಿಚ್ಚುವ ಕೀಲಿ ಪ್ರಾಧಿಕಾರದ ಬಳಿ ಮಾತ್ರ, ಅಂಗಡಿಯವರ ಬಳಿ ಇರುವುದಿಲ್ಲ. ಲಾಕ್ ಮಾಡಿದ್ದರೆ ಬೆರಳಿಟ್ಟಾಗ 330 ಎಂಬ ದೋಷಸಂಖ್ಯೆ ಬರುತ್ತದೆ, ಮೊಬೈಲ್ ಒಟಿಪಿ ಮಾತ್ರ ಎಂದಿನಂತೆ ನಡೆಯುತ್ತದೆ. ಪಡಿತರಕ್ಕೆ ಹೊರಡುವ ಮುನ್ನ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ತೆರೆಯಲು ಮರೆಯಬೇಡಿ. ತೆರೆದದ್ದು ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಮನೆಯಲ್ಲಲ್ಲ, ಸಾಲಿನಲ್ಲಿ ನಿಮ್ಮ ಸರದಿ ಹತ್ತಿರ ಬಂದಾಗ ತೆರೆಯಿರಿ.